ಕುತ್ತಿಗೆ ಮಣ್ಣಿನ ಮೇಲೆ

೧೯೯೩ರ ಮಾರ್ಚ್ ತಿಂಗಳ ಒಂದು ಗುರುವಾರ ದಮಯಂತಿ ಮಧ್ಯಾಹ್ನದ ಊಟಕ್ಕೆ ಬೂತಾಯಿ ಮೀನು ಸರಿಮಾಡುತ್ತಿದ್ದಾಗ ಕರೆಗಂಟೆ ಸದ್ದು ಮಾಡಿತು. ಕೈ ತೊಳೆದು ಬಾಗಿಲು ತೆಗೆದರೆ ಮುಂದಿನ ದೊಡ್ಡ ಮನೆಯ ಬೀಬಿ. ಹಸುಗೂಸನ್ನು ಎತ್ತಿಕೊಂಡ ಹಾಗೆ ಒಂದು ಮಣ್ಣಿನ ಕುಂಡವನ್ನು ಎದೆಗೊತ್ತಿಕೊಂಡು ನಿಂತಿದ್ದರು.

“ಆಫೀಸರ್ ಸಾಹೇಬರು ಇದ್ದಾರಾ?” ಎಂದು ಹಿಂದಿಯಲ್ಲಿ ಕೇಳಿದರು.

“ಅವರು ಬರುವಾಗ ಎರಡು ಗಂಟೆ ಆಗುತ್ತದೆ.”

“ನಿನ್ನ ಗಂಡ ಅಲ್ಲಮ್ಮ, ನಿನ್ನ ಮಾವ. ಅಗ್ರಿಕಲ್ಚರ್ ಆಫೀಸರ್. ಊರಿಂದ ಬಂದಿದ್ದಾರೆ ಅಂತ ಆದಂ ಹೇಳಿದ.”

ದಮಯಂತಿ ಬಾಗಿಲನ್ನು ಸ್ವಲ್ಪ ಮುಂದಕ್ಕೆಳೆದು ನಿಂತಳು. ಅವಳ ಮಾವ ಸೇಸಪ್ಪ ಆ ಹೊತ್ತಿಗೆ ಹಿಂದಿನ ಜಗಲಿಯಲ್ಲಿ ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿ, ಬೆಳ್ಳುಳ್ಳಿ ಸುಲಿಯುತ್ತ ಕುಕ್ಕುರುಗಾಲಲ್ಲಿ ಕೂತಿದ್ದರು. ಮಂಗಳೂರಿನ ಗುಡ್ಡೆಯ ಮೇಲಿನ ಒಂದು ಕಾನ್ವೆಂಟಿನ ತೋಟದಲ್ಲಿ ನಲವತ್ತು ವರ್ಷ ಮಾಲಿಯಾಗಿದ್ದವರು. ಹೆಂಡತಿ ತೀರಿಹೋದ ಮೇಲೆ, ನಾಲ್ಕು ತಿಂಗಳು ಇಲ್ಲಿ ಒಮಾನಿನಲ್ಲಿದ್ದು ಹೋಗಲಿ ಎಂದು ಮಗ ಬೋಜ ವಿಸಿಟ್ ವೀಸಾದಲ್ಲಿ ಕರೆಸಿಕೊಂಡು ಆಗ ಒಂಬತ್ತು ದಿನವಾಗಿತ್ತು.

“ಮಲಗಿದ್ದಾರೆ,” ಎಂದಳು ದಮಯಂತಿ.

“ಏಳಲಿ, ಅವಸರ ಇಲ್ಲ. ಇದನ್ನು ತೋರಿಸು.” ಬೀಬಿ ಕುಂಡವನ್ನು ಅವಳ ಕೈಗೆ ಕೊಟ್ಟರು. “ನನ್ನ ಮಗಳು ಸೈನಬ, ತಾನು ಓದುತ್ತಿರುವ ಇಂಗ್ಲೆಂಡಿನಿಂದ ಬೇರು ತಂದು ಬೆಳೆಸಿದ್ದು. ಅವಳ ಓದು ಮುಗಿಯುವವರೆಗೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟೆ. ಏಳು ಕುಂಡ ಇವೆ. ಏಳೂ ಸಾಯುತ್ತಿವೆ.”

ಬೀಬಿ ಜಾಂಜಿಬಾರಿನಲ್ಲಿ ಹುಟ್ಟಿ ಬೆಳೆದು, ಮಧ್ಯವಯಸ್ಸಿನಲ್ಲಿ ಒಮಾನಿಗೆ ಮರಳಿದವರು. ಅವರ ಹಿಂದಿ ಅಲ್ಲಿಯ ಗುಜರಾತಿ ಅಂಗಡಿಯವರಿಂದ ಬಂದದ್ದು. ದಮಯಂತಿಯದು ಮುಂಬಯಿಯ ಅಕ್ಕನ ಮನೆಯಲ್ಲಿ ಎರಡು ವರ್ಷ ಇದ್ದು ಕಲಿತದ್ದು. ಎರಡೂ ಹೇಗೋ ಹೊಂದಿಕೊಳ್ಳುತ್ತಿದ್ದವು. ಬೀಬಿಯ ಮಗ ಆದಂ, ಬೋಜ ಕೆಲಸ ಮಾಡುವ ಕಂಪನಿಯ ಮ್ಯಾನೇಜರ್. ಅಲ್ ಅಮೇರಾತಿನ ಈ ಪುಟ್ಟ ಮನೆಯೂ ಅವರ ಕಾಂಪೌಂಡಿನ ಹಿಂಬದಿಗೇ ಇದ್ದದ್ದು, ಕಂಪನಿ ಕೊಟ್ಟದ್ದು. ಕೆಲಸ, ಸೂರು ಎರಡೂ ಒಬ್ಬನೇ ಮನುಷ್ಯನ ಕೈಯಲ್ಲಿ.

ಎರಡು ಗಂಟೆಗೆ ಬೋಜ ಬಂದ. ದಮಯಂತಿ ಅವನನ್ನು ಸೀದಾ ಅಡಿಗೆಮನೆಗೆ ಕರೆದು ಬಾಗಿಲು ಹಾಕಿದಳು.

“ಮಾವ ಯಾವಾಗ ಆಫೀಸರ್ ಆದದ್ದು?”

ಬೋಜನ ಮುಖ ಬಿಳಿಚಿತು. “ಯಾರು ಹೇಳಿದ್ದು?”

“ಬೀಬಿ. ಗಿಡ ಹಿಡ್ಕೊಂಡು ಬಂದಿದ್ರು. ಎಂತ ಇದೆಲ್ಲ?”

“ನಾಲ್ಕು ವರ್ಷದ ಹಿಂದೆ ಮಾರಾಯ್ತಿ. ಆಫೀಸಲ್ಲಿ ಎಲ್ರೂ ಚಾ ಕುಡೀತಾ ಇದ್ರು. ಒಬ್ಬನ ಅಪ್ಪ ಬ್ಯಾಂಕ್ ಮ್ಯಾನೇಜರ್, ಇನ್ನೊಬ್ಬನ ಅಪ್ಪ ತಹಶೀಲ್ದಾರ್. ಆದಂ ಸಾಹೇಬ್ರು ನನ್ನನ್ನು ಕೇಳಿದ್ರು. ಬಾಯಿಗೆ ಬಂದದ್ದು ಬಂತು.”

“ನಾಲ್ಕು ವರ್ಷದಲ್ಲಿ ಒಂದು ದಿನವೂ ಸರಿ ಮಾಡ್ಲಿಕ್ಕೆ ಆಗ್ಲಿಲ್ವಾ?”

“ಹೇಗೆ ಮಾಡುದು? ‘ಸರ್, ನಮ್ಮಪ್ಪನ ಕೆಲಸ ಬದಲಾಗಿದೆ’ ಅಂತ ಹೇಳ್ಬೇಕಿತ್ತಾ?”

ರಾತ್ರಿಯ ಗಂಜಿಯ ಹೊತ್ತಿಗೆ ಬೋಜ ಅಪ್ಪನಿಗೆ ವಿಷಯ ಹೇಳಿದ. ತಟ್ಟೆಯಿಂದ ಕಣ್ಣೆತ್ತದೆ ಹೇಳಿದ. ಸೇಸಪ್ಪ ತುತ್ತು ನುಂಗುವವರೆಗೆ ಕಾದು, “ಹಾಗಾದ್ರೆ ನಾನು ಈಗ ಎಂತ ಮಾಡ್ಬೇಕು?” ಎಂದು ಕೇಳಿದರು.

“ಎಂತ ಬೇಡ ಅಪ್ಪ. ಅವರ ಮನೆಗೆ ಹೋದಾಗ ಪ್ಯಾಂಟ್ ಹಾಕಿ. ಶೂ ಹಾಕಿ. ಮಣ್ಣಿಗೆ ಮಾತ್ರ ಕೈ ಹಾಕ್ಬೇಡಿ. ನೀವು ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳ್ತೇನೆ.”

“But that’s a lie, Daddy,” ಎಂದಳು ಹನ್ನೊಂದು ವರ್ಷದ ಮಗಳು ಕುಸುಮ. ಈಗ ತೀರಿಹೋದ ಅಜ್ಜಿಯ ಹೆಸರನ್ನೇ ಹುಟ್ಟಿದಾಗ ಅವಳಿಗೆ ಇಟ್ಟಿದ್ದರು.

“ನೀನು ಊಟ ಮಾಡು.”

“ಮಗು ಹೇಳಿದ್ದು ಎಂತದು?” ಸೇಸಪ್ಪ ಕೇಳಿದರು. ದಮಯಂತಿ ಅವರ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು. ಅವರು ಮತ್ತೆ ಕೇಳಲಿಲ್ಲ. ಉಪ್ಪಿನಕಾಯಿ ನೆಕ್ಕಿ, “ಆಯ್ತು. ನಿನಗೆ ತೊಂದರೆ ಆಗುದು ಬೇಡ,” ಎಂದು ಎದ್ದರು.

ಮರುದಿನ ಶುಕ್ರವಾರ. ರೂವಿ ಪೇಟೆಯಿಂದ ತಂದ ಹೊಸ ಶೂ ಸೇಸಪ್ಪನವರ ಅಗಲ ಪಾದಕ್ಕೆ ಬಿಗಿಯಾಗಿತ್ತು. ಬೋಜನ ಹಳೇ ಪ್ಯಾಂಟಿಗೆ ದಮಯಂತಿ ಇಸ್ತ್ರಿ ಹಾಕಿ, ಸೊಂಟಕ್ಕೆ ಎರಡು ಹೊಲಿಗೆ ಹಿಡಿದಿದ್ದಳು. ಮೂವರೂ ಬೀಬಿಯ ಮನೆಯ ಉತ್ತರ ದಿಕ್ಕಿನ ಓಣಿಗೆ ಹೋದರು. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಎತ್ತರದ ಕಾಂಪೌಂಡು. ನೆರಳು ತಪ್ಪದ ಜಾಗ. ಅಲ್ಲಿ ಸಾಲಾಗಿ ಕುಂಡಗಳು. ಅಂಗೈಯಗಲದ ದುಂಡು ಎಲೆಗಳು, ಅಂಚು ಅಲೆಅಲೆ, ಹಸಿರಿನ ಮೇಲೆ ಬೂದಿ ಎರಚಿದಂಥ ಬೆಳ್ಳಿಬಣ್ಣ. ಒಂದರಲ್ಲಿ ಮಾತ್ರ ಕಡ್ಡಿಯಂಥ ದಂಟೊಂದು ಎದ್ದು, ತುದಿಯಲ್ಲಿ ಅಕ್ಕಿಕಾಳಿನಷ್ಟೇ ಪುಟ್ಟ, ಗಂಟೆಯಂಥ ಕೆಂಪು ಹೂಗಳು ತೂಗುತ್ತಿದ್ದವು. ಕೋರಲ್ ಬೆಲ್ಸ್ ಅಂತ ಹೆಸರು, ಎಂದರು ಬೀಬಿ. ಉಳಿದವುಗಳ ಎಲೆಗಳು ಅಂಚಿನಿಂದ ಕಂದಾಗಿ ಜೋತುಬಿದ್ದಿದ್ದವು.

ಸೇಸಪ್ಪ ಬಗ್ಗಿದರು. ಕೈ ತನ್ನಷ್ಟಕ್ಕೆ ಕುಂಡದತ್ತ ಹೋಯಿತು. ಬೋಜ ಕೆಮ್ಮಿದ. ಕೈ ಹಿಂದೆ ಬಂತು.

“ದಿನಕ್ಕೆ ಮೂರು ಸಲ ನೀರು ಹಾಕುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ,” ಎಂದರು ಬೀಬಿ.

ಸೇಸಪ್ಪ ಮಗನತ್ತ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ಇದು ನಮ್ಮ ತೋಟದ ಜೆರ್ಬೆರಾ ಹೂಗಿಡದ ಜಾತಕವೇ. ಎಲೆಯೂ ಬೇರೂ ಸೇರುವ ಕುತ್ತಿಗೆ ಮಣ್ಣಲ್ಲಿ ಹೂತುಹೋಗಿದೆ, ಕೊಳೀತಾ ಉಂಟು. ನೀರೂ ಉಪ್ಪು, ಮಣ್ಣಿನ ಮೇಲೆ ಬಿಳಿ ಬಂದದ್ದು ನೋಡು. ಎಲ್ಲ ಕಿತ್ತು, ಬೇರು ತೊಳೆದು, ಹಾಳಾದ್ದನ್ನು ಕತ್ತರಿಸಿ, ದೊರಗು ಮರಳು ಸೇರಿಸಿ ಮೇಲೆತ್ತಿ ನೆಡ್ಬೇಕು. ಇವತ್ತೇ ಮಾಡ್ಬೇಕು. ನಾನೇ ಮಾಡ್ತೇನೆ ಅಂತ ಹೇಳು.”

ಬೋಜ ಬೀಬಿಯತ್ತ ನೋಡಿ ನಕ್ಕ. “ಗಿಡಕ್ಕೆ ಶಕ್ತಿ ಸಾಲದು ಅಂತ ಹೇಳ್ತಿದ್ದಾರೆ. ಯೂರಿಯಾ ಗೊಬ್ಬರ ಹಾಕಬೇಕಂತೆ. ನಾನೇ ತಂದುಕೊಡುತ್ತೇನೆ.”

ದಮಯಂತಿ ಗಂಡನ ಮುಖ ನೋಡಿದಳು. ಅವನು ಗೋಡೆಯನ್ನು ನೋಡುತ್ತಿದ್ದ.

ಬುಧವಾರದ ಹೊತ್ತಿಗೆ ಎರಡು ಕುಂಡಗಳಲ್ಲಿ ಎಲೆಯೇ ಉಳಿಯಲಿಲ್ಲ. ಬೀಬಿ ಹಿತ್ತಲ ಗೋಡೆಯ ಆಚೆಯಿಂದ ದಮಯಂತಿಯನ್ನು ಕರೆದು, “ಆಫೀಸರ್ ಹೇಳಿದಷ್ಟೇ ಹಾಕಿದೆ. ಸುಟ್ಟುಹೋದವು. ಇನ್ನೂ ಸ್ವಲ್ಪ ಹಾಕಬೇಕಾ ಕೇಳು,” ಎಂದರು. ಗೋಡೆಯ ಈಚೆ ಸೇಸಪ್ಪ ಬಟ್ಟೆ ಹರವುತ್ತಿದ್ದರು. ಅವರಿಗೆ ಹಿಂದಿ ಬಾರದು. ಆದರೆ ಯೂರಿಯಾ ಯಾವ ಭಾಷೆಯಲ್ಲೂ ಯೂರಿಯಾವೇ.

ಆ ರಾತ್ರಿ ಅವರು ಊಟಕ್ಕೆ ಕೂರಲಿಲ್ಲ. ದಮಯಂತಿ ಎರಡು ಸಲ ಕರೆದಳು. ಮೂರನೆಯ ಸಲ ಬೋಜ ಹೋದ.

“ಅಪ್ಪ, ತಣ್ಣಗಾಗ್ತದೆ. ಬನ್ನಿ.”

“ಯೂರಿಯಾ ಹಾಕ್ಲಿಕ್ಕೆ ಹೇಳಿದ್ದು ಯಾರು?”

ಬೋಜ ಅಡಿಗೆಮನೆಯತ್ತ ತಿರುಗಿದ.

“ಕೊಳೆತ ಬೇರಿಗೆ ಯೂರಿಯಾ!” ಸೇಸಪ್ಪ ಎದ್ದು ನಿಂತರು. “ನನ್ನನ್ನು ಆಫೀಸರ್ ಅಂತ ಹೇಳು, ಕಲೆಕ್ಟರ್ ಅಂತ ಹೇಳು, ನನಗೇನೂ ಹೋಗುದಿಲ್ಲ. ಆದ್ರೆ ಆ ಮಾತನ್ನು ನನ್ನ ಬಾಯಲ್ಲಿ ಹೇಳಿಸಿದೆಯಲ್ಲ! ನಲವತ್ತು ವರ್ಷದಲ್ಲಿ ನಾನು ಒಂದು ಗಿಡಕ್ಕೂ ಹಾಗೆ ಮಾಡ್ಲಿಲ್ಲ.”

“ಮತ್ತೆ ನಾನು ಎಂತ ಹೇಳ್ಬೇಕಿತ್ತು ಅಪ್ಪ? ನಮ್ಮಪ್ಪ ಮಾಲಿ, ಅವರೇ ಕಿತ್ತು ನೆಡ್ತಾರೆ ಅಂತಲಾ?”

“ಹೌದು.”

“ನಿಮಗೆ ಸುಲಭ. ನಾಲ್ಕು ತಿಂಗಳಲ್ಲಿ ಹೋಗ್ತೀರಿ. ಇಲ್ಲಿ ಮುಖ ತೋರಿಸ್ಬೇಕಾದ್ದು ನಾನು!”

“ನಿನ್ನ ಮುಖಕ್ಕೆ ಎಂತ ಆಗಿದೆ? ಆ ಮುಖ ಬೆಳೆದದ್ದು ಆ ತೋಟದ ಸಂಬಳದಲ್ಲಿ.”

ಕುಸುಮ ತಟ್ಟೆ ಬಿಟ್ಟು ಅಮ್ಮನ ಹಿಂದೆ ಬಂದು ನಿಂತಳು. “ಇಬ್ರೂ ಸಾಕು ಮಾಡಿ,” ಎಂದಳು ದಮಯಂತಿ. ಯಾರೂ ಉಣ್ಣಲಿಲ್ಲ. ಮಾಡಿದ ಮೀನಿನ ಪುಳಿಮುಂಚಿ ಹಾಗೆಯೇ ಫ್ರಿಜ್ಜಿಗೆ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಬೋಜನ ಕಾರು ಗೇಟು ದಾಟಿದ್ದೇ ದಮಯಂತಿ ಒಗೆಯುವ ಬಟ್ಟೆಯನ್ನು ಬಕೆಟಿನಲ್ಲೇ ಬಿಟ್ಟಳು. ಸೇಸಪ್ಪ ಜಗಲಿಯಲ್ಲಿ ಕೂತು ಗೋಡೆಯ ಕಡೆಗೆ ನೋಡುತ್ತಿದ್ದರು.

“ಮಾವ, ಏಳಿ. ಬೀಬಿ ಮನೆಗೆ ಹೋಗುವ.”

“ಪ್ಯಾಂಟ್ ಹಾಕ್ಬೇಕಾ?”

“ಬೇಡ. ಲುಂಗಿಯಲ್ಲೇ ಬನ್ನಿ.”

ಅವರು ಅವಳ ಮುಖವನ್ನೇ ಒಂದು ಕ್ಷಣ ನೋಡಿದರು. “ಬೋಜ?”

“ನಾನು ಹೇಳ್ತೇನೆ ಅವರಿಗೆ.”

ಓಣಿಯಲ್ಲಿ ಸೇಸಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ಚಪ್ಪಲಿ ಬಿಟ್ಟು ಕುಕ್ಕುರುಗಾಲಲ್ಲಿ ಕೂತು, ಮೊದಲ ಕುಂಡವನ್ನು ಅಡಿಮೇಲು ಮಾಡಿ ಅಂಗೈಯಿಂದ ತಟ್ಟಿದರು. ಮಣ್ಣಿನ ಗಟ್ಟಿ ಇಡಿಯಾಗಿ ಕೈಗೆ ಬಂತು. ಬೀಬಿ ಒಳಗಿನಿಂದ ಓಡಿ ಬಂದರು. “ಯಾ ಅಲ್ಲಾ! ಏನು ಮಾಡುತ್ತಿದ್ದಾರೆ ಇವರು?”

“ಬೀಬಿ, ಒಂದು ಮಾತು ಹೇಳಬೇಕು,” ಎಂದಳು ದಮಯಂತಿ. “ನನ್ನ ಮಾವ ಆಫೀಸರ್ ಅಲ್ಲ. ಮಾಲಿ. ಕಾನ್ವೆಂಟಿನ ತೋಟದಲ್ಲಿ ನಲವತ್ತು ವರ್ಷ ಇದೇ ಕೆಲಸ ಮಾಡಿದ್ದಾರೆ.”

ಬೀಬಿ ಅವಳನ್ನು ನೋಡಿದರು, ಮಣ್ಣಾದ ಆ ಕೈಗಳನ್ನು ನೋಡಿದರು. “ಹಾಗಾದರೆ ಯೂರಿಯಾ?”

“ಅದು ಮಾವ ಹೇಳಿದ್ದಲ್ಲ. ನನ್ನ ಗಂಡ ತಾನೇ ಹೇಳಿದ್ದು.”

ಬೀಬಿಯ ಮುಖ ಕೆಂಪಾಯಿತು. “ನನ್ನ ಮಗಳ ಎರಡು ಗಿಡ ಕೊಂದ ನಿನ್ನ ಗಂಡ! ಅಷ್ಟು ನಂಬಿದ್ದೆನಲ್ಲ ನಾನು!” ಎಂದು ಕೂಗಿದರು. ದಮಯಂತಿ ತಲೆ ತಗ್ಗಿಸಿ ನಿಂತಳು. ಕೂಗಾಟ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಸೇಸಪ್ಪ ಬೇರನ್ನು ಬಕೆಟಿನಲ್ಲಿ ಅಲ್ಲಾಡಿಸಿ ತೊಳೆದು, ಕಪ್ಪಗೆ ಮೆತ್ತಗಾದ ಭಾಗವನ್ನು ಉಗುರಿನಲ್ಲಿ ಬಿಡಿಸಿ ಬೀಬಿಯ ಮುಂದೆ ಹಿಡಿದರು. ಕೊಳೆತ ವಾಸನೆ ಬಂತು. ಬೀಬಿ ಮೂಗು ಮುಚ್ಚಿಕೊಂಡು, ಆಮೇಲೆ ಮೆಲ್ಲಗೆ ಬಗ್ಗಿ ನೋಡಿದರು.

“ಉಳಿದ ಐದು ಬದುಕುತ್ತವಾ ಕೇಳು.”

“ಮೂರು ಬದುಕ್ಬಹುದು. ಐದು ಅಂತ ಸುಳ್ಳು ಹೇಳುದಿಲ್ಲ,” ಎಂದರು ಸೇಸಪ್ಪ. ದಮಯಂತಿ ಅದನ್ನು ಹಾಗೆಯೇ ಹೇಳಿದಳು.

ಬೀಬಿ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಒಂದು ಮಣೆ ಇತ್ತು. ಅದನ್ನು ಸೇಸಪ್ಪನವರ ಪಕ್ಕಕ್ಕೆ ತಳ್ಳಿ, “ಕೂತು ಮಾಡಲಿ. ಮೊಣಕಾಲು ನೋಯುತ್ತದೆ,” ಎಂದರು.

ಗುರುವಾರ ಅರ್ಧ ದಿನದ ಕೆಲಸ. ಬೋಜ ಊಟಕ್ಕೆ ಬಂದಾಗ ದಮಯಂತಿ ನೇರವಾಗಿ ಹೇಳಿಬಿಟ್ಟಳು. ಅವನು ಕುರ್ಚಿ ಎಳೆದು ಕೂತ.

“ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಕೆಲಸ ಹೋದ್ರೆ? ಮನೆ ಬಿಡ್ಲಿಕ್ಕೆ ಹೇಳಿದ್ರೆ? ಕುಸುಮಳ ಶಾಲೆ?”

“ಹೋದ್ರೆ ಊರಿಗೆ ಹೋಗುವ. ಈ ಪ್ಯಾಂಟಿಗೆ ಇಸ್ತ್ರಿ ಹಾಕಿ ಹಾಕಿ ನನಗೆ ಸಾಕಾಗಿದೆ.”

ಬೋಜ ಅವಳ ಮೇಲೆ ರೇಗಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಶುಕ್ರವಾರ ಇಡೀ ದಿನ ಅವನು ಮಂಚ ಬಿಟ್ಟು ಏಳಲಿಲ್ಲ. ಸೇಸಪ್ಪ ಸಂಜೆ ಬೀಬಿಯ ಮನೆಗೆ ಹೋಗಿ ಬಂದು, ಕೈಕಾಲು ತೊಳೆದು, ತಾವಾಗಿಯೇ ಗಂಜಿ ಬಡಿಸಿಕೊಂಡು ಉಂಡರು.

ಶನಿವಾರ ಆದಂ ಸಾಹೇಬರು ಬೋಜನನ್ನು ಕರೆಸಿದರು. ನಡೆದದ್ದನ್ನು ಅವನು ಮಧ್ಯಾಹ್ನ ಬಂದು ದಮಯಂತಿಗೆ ಹೇಳಿದ. ಅವರು ಕೂಗಲಿಲ್ಲವಂತೆ. “ನಿನ್ನ ತಂದೆ ಏನು ಮಾಡುತ್ತಾರೆ ಎಂಬುದು ನನಗೆ ಬೇಕಾಗಿಲ್ಲ. ಆದರೆ ನಾಲ್ಕು ವರ್ಷ ನೀನು ಬರೆದ ಕಾಗದಗಳಿಗೆ ನಾನು ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ. ಇನ್ನೇನೇನು ಕಟ್ಟಿ ಹೇಳಿದ್ದೀಯ?” ಎಂದು ಕೇಳಿದರಂತೆ. ಸರ್ಟಿಫಿಕೇಟುಗಳ ಮೂಲಪ್ರತಿ, ಬಂದರಿನಿಂದ ಮಾಲು ಬಿಡಿಸಿದ ಎರಡು ವರ್ಷದ ಫೈಲುಗಳು, ಎಲ್ಲ ಮೇಜಿನ ಮೇಲೆ ಬರಬೇಕಂತೆ.

“ಅವೆಲ್ಲ ಸರಿ ಉಂಟಲ್ಲ?” ದಮಯಂತಿ ಕೇಳಿದಳು.

“ಸರಿ ಉಂಟು. ದೇವರಾಣೆ ಸರಿ ಉಂಟು. ಆದ್ರೆ ಈಗ ನನ್ನ ಮಾತನ್ನು ಯಾರು ನಂಬ್ತಾರೆ?”

ಮೂರು ದಿನ ಫೈಲು ನೋಡಿದರು. ಆ ಮೂರು ದಿನ ದಮಯಂತಿಯ ಸಾರಿಗೆ ಒಮ್ಮೆ ಉಪ್ಪು ಹೆಚ್ಚು, ಒಮ್ಮೆ ಉಪ್ಪೇ ಇಲ್ಲ. ಕಬ್ಬಿಣದ ಟ್ರಂಕನ್ನು ಮಂಚದಡಿಯಿಂದ ಹೊರಗೆಳೆದು, ಏನನ್ನೂ ತುಂಬದೆ ಮತ್ತೆ ಒಳಗೆ ತಳ್ಳಿದಳು. ಮಂಗಳವಾರ ಮಧ್ಯಾಹ್ನ ಬೋಜನ ಕಾರು ಬಂದ ಸದ್ದಾಯಿತು. ಅವನು ಬಾಗಿಲಲ್ಲೇ ನಿಂತು ಶೂ ಬಿಚ್ಚುತ್ತಿದ್ದ. ಮೂರು ದಿನದಿಂದ ಕಿವಿಗೇರಿದ್ದ ಹೆಗಲು ಇಳಿದಿತ್ತು.

“ಎಂತ ಹೇಳಿದ್ರು?”

“ಫೈಲು ಹಿಂದೆ ಕೊಟ್ರು. ‘ಖಲಾಸ್, ವಿಷಯ ಮುಗೀತು’ ಅಂದ್ರು.”

“ಅಷ್ಟೇಯಾ?”

“ಬಾಗಿಲಿನ ತನಕ ಹೋದವನನ್ನು ಕರೆದು, ‘ಐದು ಗಂಟೆಗೆ ಅಮ್ಮ ನಿನ್ನ ತಂದೆಯನ್ನು ಕಾಯ್ತಾರೆ. ಮರಳು ಸಾಲದಂತೆ, ನೀನು ತಂದುಕೊಡಬೇಕಂತೆ’ ಅಂದ್ರು.” ಹೇಳುತ್ತ ಹೇಳುತ್ತ ಬೋಜನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. “ಹಸಿವಾಗ್ತದೆ ಮಾರಾಯ್ತಿ. ಎಂತ ಉಂಟು?”

ದಮಯಂತಿ ಅಂದು ಅವನಿಗೆ ಮೂರು ಸಲ ಅನ್ನ ಬಡಿಸಿದಳು. ಸೇಸಪ್ಪ ಮಗನ ತಟ್ಟೆಗೆ ತಮ್ಮ ಪಾಲಿನ ಮೀನನ್ನೂ ದಾಟಿಸಿ, “ವಾದಿಯ, ಆ ಒಣಹೊಳೆಯ ಮರಳೇ ತರ್ಬೇಕು. ನಯವಾದ್ದು ಬೇಡ, ಹಲ್ಲಿಗೆ ಸಿಕ್ಕಿದ್ರೆ ಕರಕರ ಅನ್ಬೇಕು,” ಎಂದಷ್ಟೇ ಹೇಳಿದರು.

ಆಮೇಲೆ ಬೇಸಿಗೆ ಏರಿತು. ಏಪ್ರಿಲ್ ಕಳೆದು ಮೇ ಬರುವಾಗ ಗುಡ್ಡಗಳ ನಡುವಿನ ಅಮೇರಾತ್ ಕಾದ ಕಾವಲಿಯಾಯಿತು. ಸೇಸಪ್ಪ ಖರ್ಜೂರದ ಗರಿ ತರಿಸಿ ಓಣಿಯ ಮೇಲೆ ಚಪ್ಪರ ಹಾಕಿದರು. ಕುಂಡಗಳನ್ನು ಮರಳು ತುಂಬಿದ ತೊಟ್ಟಿಯಲ್ಲಿ ಬಾಯಂಚಿನವರೆಗೆ ಇಳಿಸಿ, ಸುತ್ತ ಒದ್ದೆ ಗೋಣಿ ಹೊದೆಸಿದರು. ಬಾವಿಯ ಉಪ್ಪುನೀರು ಬಂದ್. ಏರ್ ಕಂಡೀಷನರಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿರುವುದಿಲ್ಲ ಎಂದು ಕುಸುಮ ಶಾಲೆಯಲ್ಲಿ ಕೇಳಿ ಬಂದು ಹೇಳಿದ ಮೇಲೆ, ಎರಡೂ ಮನೆಯ ಎಲ್ಲ ಕಿಟಕಿಗಳ ಕೆಳಗೂ ಬಕೆಟುಗಳು ಬಂದವು.

“Ajja, this one is full!” ಎಂದು ಅವಳು ಕೂಗುತ್ತಿದ್ದಳು.

“ಎಂತ ಫುಲ್ಲೋ. ಬೆರಳು ಮಣ್ಣಿಗೆ ಹಾಕಿ ನೋಡು. ಒದ್ದೆ ಉಂಟಾದ್ರೆ ಹಾಕ್ಬೇಡ.”

ಬೀಬಿಗೆ ಕಷ್ಟವಾದದ್ದು ಅದೇ. ನೀರು ಹಾಕದೆ ಇರುವುದು ಅವರಿಗೆ ಬಾರದು. ದಿನಕ್ಕೆರಡು ಸಲ ಕುಂಡದ ಬಳಿ ನಿಂತು, “ಪಾಪ, ಬಾಯಾರಿದೆ,” ಎನ್ನುತ್ತಿದ್ದರು. ಸೇಸಪ್ಪ ಬೆರಳೆತ್ತಿ ಗದರಿಸುತ್ತಿದ್ದರು. ಇವರು ತುಳುವಿನಲ್ಲಿ, ಅವರು ಸ್ವಾಹಿಲಿಯಲ್ಲಿ. ದಮಯಂತಿ ಇಬ್ಬರಿಗೂ ಅರ್ಥ ಹೇಳುವುದನ್ನು ಬಿಟ್ಟಿದ್ದಳು, ಬೇಕಾಗುತ್ತಿರಲಿಲ್ಲ. ಸಂಜೆ ಬೀಬಿಯ ಮನೆಯಿಂದ ತಟ್ಟೆ ತುಂಬ ಹಲ್ವಾ ಬರುತ್ತಿತ್ತು, ಇಲ್ಲಿಂದ ನೀರುದೋಸೆ ಹೋಗುತ್ತಿತ್ತು.

ಆದರೂ ಮೇ ಕೊನೆಯಲ್ಲಿ ಒಂದು ಹೋಯಿತು. ಜೂನ್ ಮೊದಲ ವಾರದ ಬಿಸಿಗಾಳಿಗೆ ಇನ್ನೊಂದು. ಮೂರು ಉಳಿದವು. ಹೂವಿಲ್ಲ, ಎಲೆಯೂ ಆರೇಳು ಮಾತ್ರ. ಆದರೆ ನಡುವಿನಲ್ಲಿ ಹೆಸರುಕಾಳಿನಂಥ ಹಸಿರು ಚಿಗುರು ಗಟ್ಟಿಯಾಗಿ ಕೂತಿತ್ತು.

ಜೂನ್ ಇಪ್ಪತ್ತರಂದು ಸೈನಬ ಬಂದಳು. ಬೀಬಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಓಣಿಯಲ್ಲಿ ಎಲ್ಲರೂ ನಿಂತಿದ್ದರು. ಹುಡುಗಿ ಚಪ್ಪರದಡಿಗೆ ಬಗ್ಗಿ ನೋಡಿ, ಬಾಯಿಗೆ ಕೈ ಹಿಡಿದಳು.

“ಮೂರೇ,” ಎಂದರು ಬೀಬಿ ಅಳು ಬಂದು. “ಏಳಿದ್ದವು.”

“ಅಮ್ಮ, ಇಲ್ಲಿಯ ಬೇಸಿಗೆಯಲ್ಲಿ ಒಂದೂ ಉಳಿಯುವುದಿಲ್ಲ ಅಂತ ನನ್ನ ಪ್ರೊಫೆಸರ್ ಹೇಳಿದ್ದರು. ನಾನು ನಿನಗೆ ಹೇಳಿರಲಿಲ್ಲ ಅಷ್ಟೇ.” ಅವಳು ಸೇಸಪ್ಪನವರತ್ತ ತಿರುಗಿ, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೇಸಪ್ಪ ನಾಚಿ, ಬಲಗೈ ಬಿಡಿಸಿ ಲುಂಗಿಗೆ ಒರೆಸಿ, ಮತ್ತೆ ಕೊಟ್ಟರು. ಬೀಬಿ ಬಿಟ್ಟ ಉಸಿರು ದಮಯಂತಿಗೆ ಕೇಳಿಸಿತು.

ವೀಸಾ ಮುಗಿಯುವ ವಾರ ಸೇಸಪ್ಪ ಮಗನನ್ನು ಓಣಿಗೆ ಕರೆದರು.

“ಗಿಡ ಮುದಿಯಾಗಿದೆ. ಕಾಂಡ ಮರದ ಹಾಗೆ ಆಗ್ತಾ ಉಂಟು. ಸೆಕೆ ಇಳಿದ ಮೇಲೆ ಅಕ್ಟೋಬರಿನಲ್ಲಿ ಕಿತ್ತು, ಸೀಳಿ ಬೇರೆ ಬೇರೆ ನೆಡ್ಬೇಕು. ನೀನು ಮಾಡು.”

“ನನಗೆ ಬರುದಿಲ್ಲ ಅಪ್ಪ.”

“ನನಗೂ ಬರ್ತಿರ್ಲಿಲ್ಲ. ಕೂತ್ಕೊ, ತೋರಿಸ್ತೇನೆ.”

ಬೋಜ ಕೂತ. ಸತ್ತ ಗಿಡವೊಂದರ ಗಡ್ಡೆಯ ಮೇಲೆ ಸೇಸಪ್ಪ ಅವನ ಕೈ ಹಿಡಿದು ಚಾಕು ಆಡಿಸಿದರು.

ಸೇಸಪ್ಪ ಹೋದ ಮೇಲೆ ಮನೆ ಸ್ವಲ್ಪ ದಿನ ಖಾಲಿ ಖಾಲಿ ಎನಿಸಿತು. ಅಕ್ಟೋಬರಿನ ಮೂರನೆಯ ಶುಕ್ರವಾರ ಬೆಳಿಗ್ಗೆ ಬೋಜ ಲುಂಗಿ ಎತ್ತಿ ಕಟ್ಟಿ ಚಾಕು ಹಿಡಿದು ಹೊರಟ. ಓಣಿಯಲ್ಲಿ ಬೀಬಿ, ಸೈನಬ, ಚಹಾ ಲೋಟ ಹಿಡಿದ ಆದಂ ಸಾಹೇಬರು ಎಲ್ಲ ಸುತ್ತ ನಿಂತು ನೋಡುತ್ತಿದ್ದರೆ ಅವನು ಬೆವರುತ್ತ ಮೊದಲ ಗಿಡವನ್ನು ಸೀಳಿದ. ಬೀಬಿ ಕಣ್ಣು ಮುಚ್ಚಿಕೊಂಡರು. ಎರಡು ಗಂಟೆಯಲ್ಲಿ ಮೂರು ಕುಂಡ ಎಂಟಾಯಿತು.

ಮನೆಗೆ ಬಂದವನೇ ಬೋಜ ಊರಿಗೆ ಫೋನು ಹಚ್ಚಿದ. ಮಂಗಳೂರಿನ ಪಕ್ಕದ ಮನೆಯವರು ಕೂಗಿ ಕರೆದು, ಸೇಸಪ್ಪ ಏದುಸಿರು ಬಿಡುತ್ತ ಬಂದರು. ದಮಯಂತಿ ಹತ್ತಿರ ಬಂದು ಕಿವಿಗೊಟ್ಟಳು.

“ಎಂಟು ಆಯ್ತು ಅಪ್ಪ.”

“ಕುತ್ತಿಗೆ ಮೇಲೆ ಉಂಟಾ?”

“ಉಂಟು.”

“ನೀರು?”

“ಒಂದೇ ಸಲ. ಬೀಬಿಯಿಂದ ಬಕೆಟು ಕಸಿದಿಟ್ಟಿದ್ದೇನೆ.”

ಆಮೇಲೆ, “ಆದಂ ಸಾಹೇಬ್ರು ನೋಡಿದ್ರಾ?” ಎಂದು ದನಿ ಬಂತು.

“ಎದುರಲ್ಲೇ ಇದ್ರು. ‘ಇದನ್ನೆಲ್ಲ ಎಲ್ಲಿ ಕಲಿತೆ’ ಅಂತ ಕೇಳಿದ್ರು. ಅಪ್ಪನ ಹತ್ರ ಅಂದೆ.”

“ಹೂಂ. ಫೋನ್ ಇಡು, ದುಡ್ಡು ಹೋಗ್ತದೆ. ಕೈ ತೊಳೆದಿದ್ದೀಯಾ?”

“ಇಲ್ಲ.”

ಬೋಜ ರಿಸೀವರು ಇಟ್ಟ. ಬಿಳಿ ಫೋನಿನ ತುಂಬ ಐದು ಬೆರಳಿನ ಕೆಸರು. ಬೇರೆ ದಿನವಾಗಿದ್ದರೆ ದಮಯಂತಿ ಅದಕ್ಕೊಂದು ರಾಮಾಯಣ ಮಾಡುತ್ತಿದ್ದಳು. ಇಂದು ಸೆರಗಿನ ತುದಿಯಿಂದ ಒರೆಸಿ, “ಕೈ ತೊಳೆದು ಬನ್ನಿ, ಅನ್ನ ಬಡಿಸ್ತೇನೆ,” ಎಂದು ಒಳಗೆ ಹೋದಳು.